ರೂಹಿ ಬಿಡ್ತು ಅನ್ನಲಿಲ್ಲ

"ಬಿಡ್ತು ಅನ್ನು," ಎಂದಳು ಅಕ್ಷಯಾ.

"ಅನ್ನಲ್ಲ," ಎಂದಳು ರೂಹಿ.

"ಬೇಗ ಅನ್ನೇ. ಬಿಡ್ತು ಅನ್ನು."

"ಸತ್ರೂ ಅನ್ನಲ್ಲ."

ಈ ಜಗಳ ನಡೆದದ್ದು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಅಂಗಳದಲ್ಲಿ, ಒಂದು ಹಳೆಯ ಕಲ್ಲಿನ ಮುಂದೆ. ಭದ್ರಾವತಿಯಿಂದ ಟ್ರಿಪ್ ಬಂದಿದ್ದ ಐದನೇ ಕ್ಲಾಸಿನ ಮಕ್ಕಳೆಲ್ಲ ಒಳಗೆ ಮರದ ಕಂಬಗಳನ್ನು ತಬ್ಬಿ, ಯಾರ ಕೈ ಯಾರಿಗೆ ಸಿಗುತ್ತದೆ ಎಂದು ನೋಡುತ್ತಿದ್ದರು. ಇವರಿಬ್ಬರು ಮಾತ್ರ ಹೊರಗೆ ನಿಂತು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದರು.

ಬೆಳಿಗ್ಗೆ ಬಸ್ಸು ಹತ್ತುವಾಗ ಹೀಗಿರಲಿಲ್ಲ. ಆಗ ಇಬ್ಬರಿಗೂ ಒಂದೇ ಸೀಟು, ಒಂದೇ ಚಿಪ್ಸ್ ಪ್ಯಾಕೆಟ್ಟು. ಅದು ಇವತ್ತಿನ ಕತೆಯಲ್ಲ, ಹೋದ ವರ್ಷದಿಂದಲೂ ಹಾಗೆಯೇ.

ರೂಹಿ ನಾಲ್ಕನೇ ಕ್ಲಾಸಿಗೆ ಈ ಶಾಲೆಗೆ ಬಂದವಳು. ಅದಕ್ಕೆ ಮೊದಲು ಉರ್ದು ಶಾಲೆ. ಮನೆಯಲ್ಲಿ ಮಾತಾಡುವುದು ದಖ್ಖನಿ. ಅವಳ ಅಬ್ಬಾ ಜಮ್ಶೀದ್, ಸ್ಕೂಟರ್ ಮೆಕ್ಯಾನಿಕ್ಕು, ಅಂಗಡಿಗೆ ಬರುವವರ ಜೊತೆ ಕನ್ನಡ ಮಾತಾಡುತ್ತಿದ್ದನೇ ಹೊರತು ಮನೆಯಲ್ಲಿ ಮಾತಾಡುತ್ತಿರಲಿಲ್ಲ. ಹೊಸ ಶಾಲೆಯ ಮೊದಲ ದಿನ ರೂಹಿ ಯಾರು ಏನು ಕೇಳಿದರೂ "ಹೂಂ" ಅಂತಲೇ ಅಂದಿದ್ದಳು. "ನಿನ್ನ ಹೆಸರೇನು?" ಅಂದರೂ "ಹೂಂ". ಎಲ್ಲರೂ ನಕ್ಕರು. ಅಕ್ಷಯಾ ಒಬ್ಬಳು ನಗದೆ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಕೊಟ್ಟಳು. ಆಮೇಲೆ ಒತ್ತಕ್ಷರ ಕಲಿಸಿದಳು. 'ಅಲ್ಲಿ'ಗೂ 'ಹಲ್ಲಿ'ಗೂ ಇರುವ ವ್ಯತ್ಯಾಸ ಕಲಿಸಿದಳು.

ಕಲಿಸಿದ್ದೇ ತಪ್ಪಾಯಿತೇನೋ. ಕನ್ನಡ ಬಂದಮೇಲೆ ರೂಹಿಯ ಬಾಯಿ ಮುಚ್ಚಲೇ ಇಲ್ಲ. ಮನಸ್ಸಿಗೆ ಬಂದದ್ದು ಗಂಟಲಿಗೆ ಬರುವ ಮೊದಲೇ ಹೊರಗೆ ಬಿದ್ದಿರುತ್ತಿತ್ತು. "ನಿನ್ನ ಬಾಯಿ ಬೊಂಬಾಯಿ ಕಣೇ," ಅಂತ ವೀಣಾ ಮಿಸ್ ದಿನಕ್ಕೆ ಒಂದು ಸಲವಾದರೂ ಹೇಳುತ್ತಿದ್ದರು.

ಅಕ್ಷಯಾಳ ಅಪ್ಪ ಮಿಲಿಟರಿಯಲ್ಲಿದ್ದರು. ಎಲ್ಲೋ ಹಿಮ ಬೀಳುವ ಬೆಟ್ಟದ ಮೇಲೆ ಡ್ಯೂಟಿ. ಅಕ್ಷಯಾ ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುತ್ತಿರಲಿಲ್ಲ. ಅವಳ ಪಾಲಿನದ್ದನ್ನೂ ಸೇರಿಸಿ ರೂಹಿಯೇ ಊರೆಲ್ಲ ಹೇಳುತ್ತಿದ್ದಳು. ಐಸ್‌ಕ್ಯಾಂಡಿ ಮಾರುವವನಿಗೂ ಗೊತ್ತಿತ್ತು.

ಇವತ್ತು ಆದದ್ದು ಇಷ್ಟು.

ವೀಣಾ ಮಿಸ್ ಬಸ್ಸಿನಲ್ಲಿ ರಾಡ್ ಹಿಡಿದು ನಿಂತು ವೀರಗಲ್ಲು ಅಂದರೇನು ಅಂತ ಚೆನ್ನಾಗಿಯೇ ಹೇಳಿದ್ದರು. ನಮ್ಮ ಊರುಗಳ ಸುತ್ತ ಹಿಂದೆ ಎಷ್ಟೋ ಯುದ್ಧ ನಡೆದಿವೆ, ಕೆಳದಿಯವರು, ಮೈಸೂರಿನವರು, ಮರಾಠರು, ಇಂಗ್ಲಿಷರು ಎಲ್ಲ ಬಂದು ಕಾದಾಡಿದ್ದಾರೆ, ಅದಕ್ಕೂ ಎಷ್ಟೋ ಕಾಲ ಮೊದಲು ಕಾದಾಡಿದವರ ನೆನಪಿಗೆ ಜನ ಕಲ್ಲು ನಿಲ್ಲಿಸಿದ್ದಾರೆ ಅಂತ. ಅಕ್ಷಯಾ ಕಿವಿಗೊಟ್ಟು ಕೇಳಿದಳು. ರೂಹಿ ಆ ಹೊತ್ತಿಗೆ ಹಿಂದಿನ ಸೀಟಿನ ಸುಘೋಷನ ಜೊತೆ ಕಿಟಕಿಗಾಗಿ ಕಿತ್ತಾಡುತ್ತಿದ್ದಳು. ಕಿಟಕಿ ಸಿಕ್ಕಿತು, ಪಾಠ ಸಿಗಲಿಲ್ಲ.

ಹಾಗಾಗಿ ಅಂಗಳದಲ್ಲಿ ಆ ಕಲ್ಲು ಕಂಡಾಗ ರೂಹಿ ಅದನ್ನು ಪುಸ್ತಕದ ಪುಟ ಓದಿದ ಹಾಗೆ ಮೇಲಿನಿಂದ ಕೆಳಕ್ಕೆ ಓದಿಕೊಂಡಳು. ಮೇಲೆ ಒಬ್ಬ ದೇವರ ಮುಂದೆ ಕೈ ಮುಗಿದು ಕೂತಿದ್ದಾನೆ. ನಡುವೆ ಅವನೇ, ಎರಡೂ ಕಡೆ ಇಬ್ಬರು ಹೆಂಗಸರು ಅವನನ್ನು ಎತ್ತಿಕೊಂಡು ಹಾರುತ್ತಿದ್ದಾರೆ. ಕೆಳಗೆ ಅವನೇ ಕತ್ತಿ ಹಿಡಿದು ನಿಂತಿದ್ದಾನೆ, ಹಿಂದೆ ದನಗಳು. ಸರಿ ಮತ್ತೆ. ದೇವರಿಗೆ ಹೇಳಿ ಹೊರಟ, ಹಾರಿಕೊಂಡು ಬಂದಿಳಿದ, ಶತ್ರುಗಳನ್ನು ಹಿಡಿದು ಬಾರಿಸಿದ. ಗೆದ್ದವನಿಗೆ ಕೊಡುವ ಶೀಲ್ಡ್ ಇದು, ಸ್ವಲ್ಪ ಭಾರ ಜಾಸ್ತಿ ಅಷ್ಟೆ.

"ಅಕ್ಷಯಾ, ಬಾರೇ ಇಲ್ಲಿ," ಎಂದಳು ಖುಷಿಯಿಂದ. "ನಿಮ್ಮಪ್ಪಂಗೂ ಇಂಥದ್ದೇ ಕಲ್ಲು ನಿಲ್ಲಿಸ್ತಾರೆ ನೋಡ್ತಿರು. ಇದಕ್ಕಿಂತ ದೊಡ್ಡದು. ನಮ್ಮ ಅಬ್ಬಾಗೆ ಹೇಳಿ ನಾನೇ ಕ್ರೇನ್ ತರಿಸ್ತೀನಿ."

ಅಕ್ಷಯಾಳ ಮುಖ ಬಿಳಿಚಿಕೊಂಡಿತು. "ಬಿಡ್ತು ಅನ್ನು," ಎಂದಳು.

ಬಿಡ್ತು ಅಂದರೆ? ರೂಹಿಗೆ ಗೊತ್ತಿದ್ದ ಮಟ್ಟಿಗೆ ಕ್ಲಾಸಿನಲ್ಲಿ ಬಿಡುವುದು ಅಂತ ಇದ್ದದ್ದು ಒಂದೇ, ಟೂ ಬಿಡುವುದು. ಕಿರುಬೆರಳು ತೋರಿಸಿ ಟೂ ಅಂದರೆ ಮುಗಿಯಿತು, ಮಾತಿಲ್ಲ ಕತೆಯಿಲ್ಲ. ದೀಪಶ್ರೀ ವಾರಕ್ಕೊಬ್ಬರ ಜೊತೆ ಟೂ ಬಿಡುತ್ತಿದ್ದಳು. ಈಗ ಅಕ್ಷಯಾ ತನ್ನ ಜೊತೆಗೂ ಟೂ ಬಿಡುತ್ತಿದ್ದಾಳೆ, ಅದೂ ತನ್ನ ಬಾಯಿಂದಲೇ ಫ್ರೆಂಡ್‌ಶಿಪ್ ಬಿಡ್ತು ಅಂತ ಹೇಳಿಸುತ್ತಿದ್ದಾಳೆ. ಒಳ್ಳೇ ಮಾತು ಹೇಳಿದ್ದಕ್ಕೆ ಇದಾ?

ಆದ್ದರಿಂದಲೇ ಅವಳು ಸತ್ತರೂ ಅನ್ನಲ್ಲ ಎಂದದ್ದು.

ಅಕ್ಷಯಾಳ ಕಣ್ಣು ತುಂಬಿತು. "ಅಷ್ಟೇನಾ ನೀನು?" ಎಂದವಳೇ ಒಳಗೆ ಹೊರಟುಹೋದಳು.

ಸ್ವಲ್ಪ ಹೊತ್ತಿಗೆ ವೀಣಾ ಮಿಸ್ ಮಕ್ಕಳನ್ನೆಲ್ಲ ಹೊರಗೆ ಕರೆತಂದು ಅದೇ ಕಲ್ಲಿನ ಮುಂದೆ ನಿಲ್ಲಿಸಿದರು.

"ನೆನಪಿದ್ಯಲ್ಲ, ಇದನ್ನ ಕೆಳಗಿಂದ ಮೇಲಕ್ಕೆ ಓದ್ಬೇಕು. ಬಾವಿಯಿಂದ ನೀರು ಸೇದಿದ ಹಾಗೆ. ಕೆಳಗೆ ಏನಾಗ್ತಿದೆ?"

"ಯುದ್ಧ ಮಿಸ್."

"ಹೂಂ. ಊರಿನ ದನ ಹೊಡ್ಕೊಂಡು ಹೋಗಕ್ಕೆ ಬಂದಿದ್ದಾರೆ, ಇವನು ತಡೀತಿದ್ದಾನೆ. ದನ ಉಳೀತು, ಇವನು ಉಳೀಲಿಲ್ಲ. ಮಧ್ಯದಲ್ಲಿ ಅಪ್ಸರೆಯರು ಅವನನ್ನ ಸ್ವರ್ಗಕ್ಕೆ ಕರ್ಕೊಂಡು ಹೋಗ್ತಿದ್ದಾರೆ. ಮೇಲೆ ಶಿವನ ಹತ್ರ ಹೋಗಿ ಕೂತಿದ್ದಾನೆ."

"ಬದುಕಿ ಬಂದವರಿಗೆ ಕಲ್ಲು ಇಲ್ವಾ ಮಿಸ್?" ಎಂದು ದೀಪಶ್ರೀ ಕೇಳಿದಳು.

"ಬದುಕಿ ಬಂದವರು ಮನೇಲಿ ಊಟ ಮಾಡ್ಕೊಂಡು ಇರ್ತಾರಲ್ಲ, ಅವರಿಗ್ಯಾಕೆ ಕಲ್ಲು?" ಎಂದರು ಮಿಸ್. ಎಲ್ಲರೂ ನಕ್ಕರು.

ರೂಹಿ ನಗಲಿಲ್ಲ. ಕಲ್ಲನ್ನು ಇನ್ನೊಂದು ಸಲ ಕೆಳಗಿನಿಂದ ಮೇಲೆ ನೋಡಿದಳು. ಹಾಗಾದರೆ ತಾನು ಅಕ್ಷಯಾಳಿಗೆ ಹೇಳಿದ್ದು ಏನು? ಯಾ ಅಲ್ಲಾ, ತಾನು ಹೇಳಿದ್ದೇನು?

ಬಸ್ಸು ಹತ್ತುತ್ತಲೇ ಅಕ್ಷಯಾಳ ಪಕ್ಕಕ್ಕೆ ಓಡಿದಳು. "ನಂಗೆ ಗೊತ್ತಿರ್ಲಿಲ್ಲ ಕಣೇ. ಗೆದ್ದವರಿಗೆ ಕೊಡೋದು ಅನ್ಕೊಂಡಿದ್ದೆ. ಸಾರಿ. ನಿಜವಾಗ್ಲೂ ಸಾರಿ."

"ಸಾರಿ ಬೇಡ. ಅದನ್ನ ಅನ್ನು."

"ಯಾವುದನ್ನ?"

"ಬಿಡ್ತು ಅಂತ."

ತಪ್ಪು ತನ್ನದೇ, ರೂಹಿ ಒಪ್ಪಿಕೊಂಡಳು. ಅಕ್ಷಯಾಳಿಗೆ ಸಿಟ್ಟು ಬಂದದ್ದೂ ಸರಿಯೇ. ಆದರೂ ಇದ್ದ ಒಬ್ಬಳೇ ಫ್ರೆಂಡನ್ನು ತನ್ನ ಬಾಯಾರೆ ಬಿಡುವುದು ಹೇಗೆ?

"ಅದೊಂದು ಬಿಟ್ಟು ಏನು ಬೇಕಾದ್ರೂ ಅಂತೀನಿ," ಎಂದಳು.

ಅಕ್ಷಯಾ ಎದ್ದು ಹೋಗಿ ದೀಪಶ್ರೀಯ ಪಕ್ಕ ಕೂತಳು. ಕಿಟಕಿ ಪೂರ್ತಿ ರೂಹಿಗೇ ಸಿಕ್ಕಿತು. ಅದರಿಂದ ಹೊರಗೆ ನೋಡುವ ಮನಸ್ಸು ಅವಳಿಗೆ ಇರಲಿಲ್ಲ.

ಬಸ್ಸು ಒಂದು ಪಾರ್ಕಿನ ಹತ್ತಿರ ನಿಂತಿತು. ಅಲ್ಲಿ ಸೈನಿಕರ ಸ್ಮಾರಕವಿತ್ತು. ಇದು ಹಳೆಯ ಕಲ್ಲಲ್ಲ, ನುಣ್ಣಗೆ ಹೊಳೆಯುವ ಕರಿಕಲ್ಲು. ಅದರ ಮೇಲೆ ಹೆಸರುಗಳು. ಮಿಸ್ ತಂದಿದ್ದ ಸೇವಂತಿಗೆ ಹೂವನ್ನು ಒಬ್ಬೊಬ್ಬರಾಗಿ ಇಟ್ಟರು. ಗಲಾಟೆಯ ಸುಘೋಷ ಕೂಡ ಚಪ್ಪಲಿ ಬಿಟ್ಟು ನೆಟ್ಟಗೆ ನಿಂತಿದ್ದ.

ಹೂ ಇಟ್ಟವರೆಲ್ಲ ಜಾರುಬಂಡೆಯ ಕಡೆ ಓಡಿದರು. ಅಕ್ಷಯಾ ಓಡಲಿಲ್ಲ. ಅವಳು ಕಲ್ಲಿನ ಹತ್ತಿರ ಹೋಗಿ ಒಂದೊಂದೇ ಹೆಸರಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ಮೊದಲನೆಯದರಿಂದ ಹಿಡಿದು ಕಡೆಯದರವರೆಗೆ. ಓದಿ ಮುಗಿದ ಮೇಲೆ ಒಂದು ದೊಡ್ಡ ಉಸಿರು ಬಿಟ್ಟಳು.

ಗಿಡದ ಹಿಂದೆ ನಿಂತಿದ್ದ ರೂಹಿ ಅದನ್ನು ನೋಡಿದಳು. ಅಕ್ಷಯಾ ಯಾವ ಹೆಸರು ಇಲ್ಲದಿರಲಿ ಅಂತ ಓದುತ್ತಿದ್ದಾಳೆ ಎನ್ನುವುದು ಅವಳಿಗೆ ಗೊತ್ತಾಯಿತು. ಹತ್ತಿರ ಹೋಗಿ ಕೈ ಹಿಡಿಯಬೇಕು ಅನ್ನಿಸಿತು, ಧೈರ್ಯ ಬರಲಿಲ್ಲ. ಅಳು ಬಂತು. ಕಣ್ಣನ್ನು ದುಪಟ್ಟಾದ ತುದಿಗೆ ಒರೆಸಿಕೊಂಡಳು.

ಹುಲಿ ಸಿಂಹಗಳ ಸಫಾರಿಯಿರುವ ತ್ಯಾವರೆಕೊಪ್ಪ ತಲುಪಿದಾಗ ಎಲ್ಲರಿಗೂ ಹಸಿವು. ಮಿಸ್ ತರಿಸಿದ್ದ ಚಿತ್ರಾನ್ನ ತಿಂದು, ಕೈ ತೊಳೆದು, ಸಫಾರಿ ವ್ಯಾನು ಹತ್ತಿದರು. ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲರಿ. ವ್ಯಾನು ಗೇಟು ದಾಟಿ ಒಳಗೆ ಹೋಗುತ್ತಲೇ ಮಕ್ಕಳ ಸದ್ದು ಅಡಗಿತು. ರೂಹಿ ಹಿಂದಿನ ಸೀಟಿನಲ್ಲಿ ಸುಘೋಷನ ಪಕ್ಕ ಕೂತಿದ್ದಳು. ಅಕ್ಷಯಾ ಮುಂದೆ ದೀಪಶ್ರೀಯ ಪಕ್ಕ ಕೂತಿದ್ದಳು.

ದೂರದಲ್ಲಿ, ಪೊದೆಯ ಆಚೆ, ಒಂದು ಹುಲಿ ನಡೆದುಹೋಯಿತು.

"ಈಗ ವ್ಯಾನ್ ಕೆಟ್ಟು ನಿಂತ್ರೆ ಹುಲಿ ಮೊದಲು ಡ್ರೈವರ್ ಅಂಕಲ್‌ನ ತಿನ್ನುತ್ತೆ, ಆಮೇಲೆ ವೀಣಾ ಮಿಸ್‌ನ," ಎಂದ ಸುಘೋಷ. ಮೆಲ್ಲಗೆ ಹೇಳಿದ್ದೇನೋ ಹೌದು. ಆದರೆ ಅಷ್ಟು ಸದ್ದಿಲ್ಲದ ವ್ಯಾನಿನಲ್ಲಿ ಅದು ಎಲ್ಲರಿಗೂ ಕೇಳಿಸಿತು.

"ಏ, ಬಿಡ್ತು ಅನ್ನೋ ಮಾರಾಯ," ಎಂದ ಡ್ರೈವರು ಹಿಂದೆ ತಿರುಗದೆ. "ಕಾಡೊಳಗೆ ಆಡೋ ಮಾತಾ ಇದು?"

"ಬಿಡ್ತು ಬಿಡ್ತು," ಎಂದ ಸುಘೋಷ. ಅಂದವನೇ ಜೇಬಿನಿಂದ ಕಡಲೆಕಾಯಿ ತೆಗೆದು ಸುಲಿಯಲು ಶುರುಮಾಡಿದ.

ರೂಹಿ ಹುಲಿ ನೋಡುವುದು ಬಿಟ್ಟು ಅವನನ್ನು ನೋಡಿದಳು. ಡ್ರೈವರ್ ಅಂಕಲ್‌ಗೂ ಇವನಿಗೂ ಯಾವಾಗ ಫ್ರೆಂಡ್‌ಶಿಪ್ ಆಗಿತ್ತು, ಬಿಡುವುದಕ್ಕೆ?

"ಸುಘೋಷ, ಬಿಡ್ತು ಅಂದ್ರೆ ಏನೋ?"

"ಅಷ್ಟೂ ಗೊತ್ತಿಲ್ವಾ? ಬಾಯ್ತಪ್ಪಿ ಕೆಟ್ಟ ಮಾತು ಆಡಿದ್ರೆ ಬಿಡ್ತು ಅನ್ಬೇಕು. ಆಗ ಅದು ಬಿಟ್ಟು ಹೋಗುತ್ತೆ."

"ಏನು ಬಿಟ್ಟು ಹೋಗುತ್ತೆ?"

"ಕೆಟ್ಟದ್ದು."

"ಫ್ರೆಂಡ್‌ಶಿಪ್ ಅಲ್ವಾ?"

"ಫ್ರೆಂಡ್‌ಶಿಪ್ ಯಾಕೆ ಬಿಡುತ್ತೆ? ತಲೆ ಕೆಟ್ಟಿದ್ಯಾ ನಿಂಗೆ?"

ರೂಹಿಗೆ ತಟ್ಟನೆ ತನ್ನ ದಾದಿ, ಅಬ್ಬಾನ ಅಮ್ಮ ಖೈರುನ್ನೀಸಾ ನೆನಪಾದಳು. ಮನೆಯಲ್ಲಿ ಯಾರಾದರೂ ಅಪಶಕುನದ ಮಾತಾಡಿದರೆ ದಾದಿ ಕೈಯಲ್ಲಿದ್ದ ಕೆಲಸ ಬಿಟ್ಟು, "ತೌಬಾ ಬೋಲ್, ತೌಬಾ ಬೋಲ್," ಎಂದು ಬೆನ್ನು ಬೀಳುತ್ತಿದ್ದಳು. ಎರಡು ಕೆನ್ನೆ ಮುಟ್ಟಿಕೊಂಡು ತೌಬಾ ಅನ್ನುವವರೆಗೂ ಬಿಡುತ್ತಿರಲಿಲ್ಲ. ಇದೂ ಅದೇ. ಅದನ್ನೇ ಅಕ್ಷಯಾ ಬೆಳಗಿನಿಂದ ಕೇಳುತ್ತಿದ್ದಾಳೆ. ತಾನೋ, ಸತ್ತರೂ ಅನ್ನಲ್ಲ ಅಂತ ಕೂತದ್ದು.

"ಲೇಟಾಗಿ ಅಂದ್ರೆ ನಡೆಯುತ್ತೇನೋ?" ಎಂದು ಕೇಳಿದಳು.

ಸುಘೋಷನ ಅಜ್ಜ ಶಂಕರನಾರಾಯಣ ಭಟ್ಟರು ದೇವಸ್ಥಾನದಲ್ಲಿ ಪೂಜೆ ಮಾಡುವವರು. ಇಂಥ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಇಲ್ಲ ಎನ್ನುವುದು ಅವನ ನಂಬಿಕೆ. "ತಕ್ಷಣ ಅನ್ಬೇಕು," ಎಂದ. "ಅಸ್ತು ದೇವತೆಗಳು ಅಂತ ಇರ್ತಾರೆ. ಆಕಾಶದಲ್ಲಿ ಓಡಾಡ್ತಾ ಇರ್ತಾರೆ. ನಾವು ಏನಂದ್ರೂ 'ಅಸ್ತು' ಅಂದ್ಬಿಡ್ತಾರೆ. ಅಸ್ತು ಅಂದ್ರೆ ಹಾಗೇ ಆಗ್ಲಿ ಅಂತ. ಅವರು ಅನ್ನೋದ್ರೊಳಗೆ ನಾವು ಬಿಡ್ತು ಅಂದ್ಬಿಡ್ಬೇಕು. ಎಷ್ಟು ಲೇಟು?"

"ಬೆಳಿಗ್ಗೆದು."

ಸುಘೋಷ ಕಡಲೆಕಾಯಿ ಅಗಿಯುತ್ತ ಯೋಚಿಸಿದ. "ಕಷ್ಟ," ಎಂದ.

ರೂಹಿ ಎದ್ದೇಬಿಟ್ಟಳು. "ಕೂತ್ಕೋ ರೂಹಿ," ಎಂದರು ಮಿಸ್. ಅವಳು ಕೂರಲಿಲ್ಲ. ಅಲುಗಾಡುವ ವ್ಯಾನಿನಲ್ಲಿ ಅವರಿವರ ಕಾಲು ತುಳಿದುಕೊಂಡು ಮುಂದೆ ಹೋಗಿ, ಅಕ್ಷಯಾಳ ಮುಂದೆ ಮೊಣಕಾಲೂರಿ ಕೂತು ಹೇಳಿದಳು:

"ಬಿಡ್ತು. ಬಿಡ್ತು ಬಿಡ್ತು ಬಿಡ್ತು ಬಿಡ್ತು."

ಲೇಟಾದದ್ದಕ್ಕೆ ಬಡ್ಡಿ ಸಮೇತ ಅಂದರಾದೀತು ಎಂದು ಅವಳ ಲೆಕ್ಕ. ಅದೂ ಸಾಲದೇನೋ ಅನ್ನಿಸಿ ಎರಡು ಕೆನ್ನೆ ಮುಟ್ಟಿಕೊಂಡು, "ತೌಬಾ ತೌಬಾ," ಎಂದೂ ಸೇರಿಸಿದಳು.

ಅಕ್ಷಯಾ ಅವಳನ್ನೇ ನೋಡಿದಳು. "ಬೆಳಿಗ್ಗೆ ಯಾಕೆ ಅನ್ನಲಿಲ್ಲ?"

"ಫ್ರೆಂಡ್‌ಶಿಪ್ ಬಿಡ್ತು ಅನ್ನು ಅಂತಿದ್ದೀಯ ಅನ್ಕೊಂಡೆ. ಟೂ ಬಿಡೋ ಥರ. ನಾನು ಹೇಗೆ ಅನ್ಲಿ?"

ಅಕ್ಷಯಾಳ ಬಾಯಿ ತೆರೆದದ್ದು ತೆರೆದೇ ಇತ್ತು. ಆಮೇಲೆ ಅವಳಿಗೆ ನಗು ಬಂತು. ನಗುತ್ತ ನಗುತ್ತ ಅಳುವೂ ಬಂತು. ದೀಪಶ್ರೀ ಇಬ್ಬರನ್ನೂ ನೋಡಿ, "ಇವರಿಬ್ಬರಿಗೂ ಹುಚ್ಚು," ಎಂದು ಎದ್ದು ಹಿಂದಿನ ಸೀಟಿಗೆ ಹೋದಳು. ರೂಹಿಗೆ ಜಾಗವಾಯಿತು.

ವ್ಯಾನು ಸಿಂಹದ ಹತ್ತಿರ ಬಂದು ನಿಂತಿತು. ಸಿಂಹ ಮರದ ನೆರಳಿನಲ್ಲಿ ಮಗ್ಗುಲಾಗಿ ಮಲಗಿತ್ತು. ಎಷ್ಟು ಕರೆದರೂ ಒಂದು ಕಿವಿ ಅಲ್ಲಾಡಿಸಿತೇ ಹೊರತು ಏಳಲಿಲ್ಲ.

"ಸೋಮವಾರದಿಂದ ಅಪ್ಪ ಫೋನ್ ಮಾಡಿಲ್ಲ," ಎಂದಳು ಅಕ್ಷಯಾ, ಸಿಂಹದ ಕಡೆ ನೋಡುತ್ತ. "ಅಲ್ಲಿ ನೆಟ್‌ವರ್ಕ್ ಇರಲ್ಲ ಅಂತಾಳೆ ಅಮ್ಮ. ನಂಗೆ ಮಾತ್ರ ಹಂಗಂತಾಳೆ. ತಾನು ಫೋನ್ ಹಿಡ್ಕೊಂಡೇ ಅಡುಗೆ ಮಾಡ್ತಾಳೆ."

ರೂಹಿ ಅಕ್ಷಯಾಳ ಕೈ ಹಿಡಿದುಕೊಂಡಳು. ಸುಘೋಷ ಹೇಳಿದ 'ಕಷ್ಟ' ಎನ್ನುವ ಮಾತು ಮಾತ್ರ ತಲೆಯೊಳಗೆ ಹಾಗೇ ಕೂತಿತ್ತು.

ವಾಪಸು ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಬಸ್ಸು ಶಿವಮೊಗ್ಗ ಹೊಕ್ಕು, ವಿದ್ಯಾನಗರ ದಾಟಿ ಭದ್ರಾವತಿಯ ರಸ್ತೆ ಹಿಡಿಯಿತು. ಹಿಂದಿನ ಸೀಟಿನಲ್ಲಿ ಅಂತ್ಯಾಕ್ಷರಿ ನಡೆಯುತ್ತಿತ್ತು. 'ರ' ಬಂದಾಗಲೆಲ್ಲ ಎಲ್ಲರೂ ರೂಹಿಯನ್ನು ಕರೆದರು. ಅವಳು ಹಾಡಲಿಲ್ಲ. ಕಿಟಕಿಯಿಂದ ಆಕಾಶ ನೋಡುತ್ತಿದ್ದಳು. ಅಲ್ಲಿ ಯಾವ ದೇವತೆಯೂ ಓಡಾಡುತ್ತಿರಲಿಲ್ಲ.

ಶಾಲೆಯ ಗೇಟಿನ ಮುಂದೆ ಅಪ್ಪ ಅಮ್ಮಂದಿರು ಕಾಯುತ್ತಿದ್ದರು. ಅಕ್ಷಯಾಳ ಅಮ್ಮ ಮೀರಾ ಸ್ಕೂಟರ್ ನಿಲ್ಲಿಸಿಕೊಂಡು ಒಂದು ಪಕ್ಕ ನಿಂತಿದ್ದರು. ಅವರ ಕಣ್ಣು ಕೆಂಪಾಗಿತ್ತು. ಅದನ್ನು ನೋಡಿ ಅಕ್ಷಯಾ ನಿಂತಲ್ಲೇ ನಿಂತಳು. ಅವಳ ಉಗುರು ರೂಹಿಯ ಅಂಗೈಗೆ ಒತ್ತಿತು.

"ಯಾಕೆ ಹಂಗೆ ನೋಡ್ತೀಯ? ಬಾ ಇಲ್ಲಿ," ಎಂದರು ಮೀರಾ. ಅವರೇ ಬಂದು ಮಗಳನ್ನು ಅಪ್ಪಿಕೊಂಡರು. "ಅಪ್ಪ ಫೋನ್ ಮಾಡಿದ್ರು ಕಣೇ. ಚೆನ್ನಾಗಿದ್ದಾರಂತೆ. ಹಿಮ ಬಿದ್ದು ಲೈನೇ ಇರ್ಲಿಲ್ವಂತೆ. ನೀನು ಟ್ರಿಪ್ ಹೋಗಿದ್ದೀಯ ಅಂದೆ. ಇವತ್ತೇ ಹೋಗ್ಬೇಕಿತ್ತಾ ಅವಳು ಅಂದ್ರು. ರಾತ್ರಿ ಮತ್ತೆ ಮಾಡ್ತಾರಂತೆ."

"ಯಾವಾಗ ಮಾಡಿದ್ರು?"

"ಬೆಳಿಗ್ಗೆ ಹತ್ತೂವರೆಗೆ. ನೀವು ಆಗ ಅರಮನೇಲಿ ಇದ್ದಿರ್ಬೇಕು."

ಅಕ್ಷಯಾ ಅಮ್ಮನ ಸೊಂಟ ಹಿಡಿದುಕೊಂಡು ಕುಣಿದಳು. ಕುಣಿದು ಮುಗಿಸಿ ರೂಹಿಯ ಹತ್ತಿರ ಓಡಿಬಂದು ಅವಳ ಕಿವಿಯಲ್ಲಿ ಹೇಳಿದಳು. "ನೀನು ಬಿಡ್ತು ಅಂದ್ಯಲ್ಲ, ಅದಕ್ಕೇ ಕಣೇ."

ರೂಹಿ ಬಾಯಿ ತೆರೆದಳು. ಹತ್ತೂವರೆಗೆ ತಾವಿಬ್ಬರೂ ಆ ಕಲ್ಲಿನ ಮುಂದೆ ಜಗಳವಾಡುತ್ತಿದ್ದದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಗ ತಾನಿನ್ನೂ ಬಿಡ್ತು ಅಂದೇ ಇರಲಿಲ್ಲ. ಆ ಮಾತು ಬಂದದ್ದು ಮಧ್ಯಾಹ್ನ, ಊಟವಾದ ಮೇಲೆ. ಅಷ್ಟು ಹೊತ್ತಿಗೆ ಅಂಕಲ್ ಫೋನ್ ಮಾಡಿ, ಮಾತಾಡಿ, ಇಟ್ಟೂ ಆಗಿತ್ತು. ಅದನ್ನು ಹೇಳಬೇಕು ಎಂದು ಅವಳ ನಾಲಿಗೆ ತುದಿಗೆ ಬಂದಿತ್ತು.

ಅಕ್ಷಯಾಳ ಮುಖ ನೋಡಿದಳು. ಬೆಳಿಗ್ಗೆ ಬಸ್ಸು ಹತ್ತಿದಾಗಲೂ ಆ ಮುಖ ಇಷ್ಟು ಹಗುರಾಗಿರಲಿಲ್ಲ. ಸೋಮವಾರದಿಂದಲೂ ಇರಲಿಲ್ಲ, ತಾನು ಗಮನಿಸಿರಲಿಲ್ಲ ಅಷ್ಟೆ.

"ಹೂಂ," ಎಂದಳು ರೂಹಿ.